ಇಂಡಿಯಾದವರು ಅಂತ ಹೇಳಿಕೊಂಡವರು

ಸ್ಯಾಲಿ ಮಾರ್ಗನ್ ಅಂತ ಒಬ್ಬ ಆಸ್ಟ್ರೇಲಿಯನ್ ಲೇಖಕಿ. ಹುಟ್ಟಿದ್ದು 1951ರಲ್ಲಿ, ಪರ್ತ್ ನಗರದಲ್ಲಿ. ಶಾಲೆಯಲ್ಲಿ ಮಕ್ಕಳು ಇವಳ ಮೈಬಣ್ಣ ನೋಡಿ ನೀವು ಯಾವ ದೇಶದವರು ಅಂತ ಕೇಳೋರಂತೆ. ಅಮ್ಮನ ಹತ್ತಿರ ಹೋಗಿ ಕೇಳಿದರೆ, ಇಂಡಿಯಾದವರು ಅಂತ ಹೇಳು ಅನ್ನೋ ಉತ್ತರ ಸಿಕ್ಕಿತು. ಮಕ್ಕಳು ನಂಬಿದರು, ಇವಳೂ ನಂಬಿದಳು!

ನಿಜ ಗೊತ್ತಾಗುವಾಗ ಸ್ಯಾಲಿಗೆ ಸುಮಾರು 15 ವರ್ಷ. ಅವರು ಇಂಡಿಯಾದವರೇ ಅಲ್ಲ, ಅದೇ ನೆಲದ ಮೂಲನಿವಾಸಿಗಳು. ಅಜ್ಜಿ ಡೈಸಿ ಹುಟ್ಟಿದ್ದು ಉತ್ತರದ ಪಿಲ್ಬರಾ ಪ್ರದೇಶದ ಕೊರುನ್ನಾ ಡೌನ್ಸ್ ಅನ್ನೋ ದನಕುರಿಗಳ ದೊಡ್ಡ ಎಸ್ಟೇಟಿನಲ್ಲಿ. ಓದಿಸ್ತೀವಿ ಅಂತ ಅವಳನ್ನ ತಾಯಿಯಿಂದ ಬಿಡಿಸಿ ಪರ್ತ್‌ಗೆ ಕರೆತಂದರು. ಆಮೇಲೆ ಮಾಡಿಸಿದ್ದು ಮನೆಗೆಲಸ. ಅವಳ ಮಗಳು ಗ್ಲಾಡಿಸ್, ಅಂದರೆ ಸ್ಯಾಲಿಯ ಅಮ್ಮ, ಬೆಳೆದದ್ದು ಮಕ್ಕಳ ಆಶ್ರಮದಲ್ಲಿ.

ಸ್ವಂತ ಊರಲ್ಲೇ ಇದ್ದುಕೊಂಡು ಪರದೇಶದವರು ಅಂತ ಯಾಕೆ ಹೇಳಿಕೊಳ್ಳಬೇಕು? ಉತ್ತರ ಕಾನೂನಿನಲ್ಲಿದೆ. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯ್ದೆ ಪ್ರಕಾರ 16 ವರ್ಷದೊಳಗಿನ ಮೂಲನಿವಾಸಿ ಮಕ್ಕಳಿಗೆ, ಮಿಶ್ರ ರಕ್ತದ ಮಕ್ಕಳಿಗೆ, ಕಾನೂನುಬದ್ಧ ಪೋಷಕ ಮುಖ್ಯ ಸಂರಕ್ಷಕ ಅನ್ನೋ ಸರ್ಕಾರಿ ಅಧಿಕಾರಿ. ಹೆತ್ತ ತಾಯಿ ಅಲ್ಲ! 1915ರಿಂದ 1940ರ ತನಕ ಈ ಕೆಲಸದಲ್ಲಿದ್ದವರು ಎ.ಒ. ನೆವಿಲ್. ಎರಡು ತಲೆಮಾರು ಹೀಗೆ ಅಗಲಿಕೆ ಕಂಡ ಮನೆಯಲ್ಲಿ ಆ ಸುಳ್ಳು ನಾಚಿಕೆಯಿಂದ ಬಂದದ್ದಷ್ಟೇ ಅಲ್ಲ, ಮಕ್ಕಳನ್ನ ಉಳಿಸಿಕೊಳ್ಳುವ ದಾರಿಯೂ ಆಗಿತ್ತು. ಅದಕ್ಕೆ ನಮ್ಮ ದೇಶದ ಹೆಸರು ಒದಗಿತು ಅನ್ನೋದು ವಿಚಿತ್ರವಾದರೂ ನಿಜ.

ಸ್ಯಾಲಿ ಬಿಡಲಿಲ್ಲ. ಲೈಬ್ರರಿಯಲ್ಲಿ ಹಳೇ ಇತಿಹಾಸ ಓದಿದಳು. ಅಜ್ಜಿಯ ಅಣ್ಣ ಆರ್ಥರ್ ಮಾತಾಡಿದ್ದನ್ನ ಟೇಪ್ ಮಾಡಿಕೊಂಡಳು. ಕೊರುನ್ನಾ ಡೌನ್ಸ್‌ಗೆ ಹೋದಾಗ ಅಲ್ಲಿ ವಯಸ್ಸಾದವರು ಇವರನ್ನ ತಮ್ಮ ನೆಂಟರು ಅಂತ ಗುರುತಿಸಿದರು. ಕೊನೆಗೆ ಅಮ್ಮ ಬಾಯಿಬಿಟ್ಟರು, ಅಜ್ಜಿಯೂ ಸ್ವಲ್ಪ ಹೇಳಿದಳು. ಆದರೆ ಕೆಲವು ಗುಟ್ಟುಗಳನ್ನ ತನ್ನ ಜೊತೆಗೇ ಒಯ್ದಳು. ಇದೆಲ್ಲ ಸೇರಿ 1987ರಲ್ಲಿ 'ಮೈ ಪ್ಲೇಸ್' ಅನ್ನೋ ಪುಸ್ತಕ ಆಯಿತು.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. 1997ರ ರಾಷ್ಟ್ರೀಯ ವಿಚಾರಣಾ ವರದಿ ಪ್ರಕಾರ, ಸುಮಾರು 1910ರಿಂದ 1970ರ ನಡುವೆ ಪ್ರತಿ ಹತ್ತರಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರ ತನಕ ಮೂಲನಿವಾಸಿ ಮಕ್ಕಳನ್ನ ಮನೆಯಿಂದ ಕಿತ್ತುಕೊಳ್ಳಲಾಗಿತ್ತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2016ರ ಜನಗಣತಿಯಲ್ಲಿ ತಮ್ಮನ್ನ ಮೂಲನಿವಾಸಿ ಅಂತ ಬರೆಸಿದವರು 6,49,171 ಮಂದಿ, 2021ರಲ್ಲಿ 8,12,728. ಐದೇ ವರ್ಷದಲ್ಲಿ ಇಷ್ಟು ಏರಿದ್ದಕ್ಕೆ ಜನನ ಒಂದೇ ಕಾರಣ ಅಲ್ಲ, ಮೊದಲು ಹೇಳಿಕೊಳ್ಳದವರು ಈಗ ಹೇಳಿಕೊಳ್ಳುತ್ತಿದ್ದಾರೆ.

ಹಾಗಂತ ಹಳೇ ಕಾಗದದಲ್ಲಿ ಒಂದು ಹೆಸರು ಸಿಕ್ಕರೆ ಸಾಲದು. ವಂಶ ಇರಬೇಕು, ತಾನು ಅವರವನು ಅಂತ ಒಪ್ಪಿಕೊಳ್ಳಬೇಕು, ಆ ಸಮುದಾಯವೂ ಒಪ್ಪಬೇಕು. ಅಲ್ಲಿ ಸಾಮಾನ್ಯವಾಗಿ ಬಳಸುವ ಅಳತೆ ಈ ಮೂರು. ಮೊದಲನೆಯದಕ್ಕೆ ಎಷ್ಟೋ ಸಲ ಸಾಕ್ಷಿ ಸಿಗೋದು ಮಕ್ಕಳನ್ನ ಕಸಿದುಕೊಂಡ ಅದೇ ಇಲಾಖೆಗಳ ಫೈಲುಗಳಲ್ಲಿ. ಮೂರನೆಯದು ಯಾವ ಫೈಲಿನಲ್ಲೂ ಸಿಗೋಲ್ಲ. ಅದಕ್ಕೆ ಕೊರುನ್ನಾ ಡೌನ್ಸ್‌ನ ಆ ಮುದುಕರಂಥವರು ಬದುಕಿರಬೇಕು, ಅವರಿರುವಾಗಲೇ ನಾವು ಹೋಗಿ ಕೇಳಬೇಕು.