ರಕ್ತನಾಳ ವಿಭಜನೆಯಲ್ಲಿ ಗಣಿತೀಯ ರೂಪವಿಜ್ಞಾನ

ವೈದ್ಯಕೀಯ ಚಿತ್ರಗಳಲ್ಲಿ ರಕ್ತನಾಳಗಳನ್ನು ಅವುಗಳ ಆಕಾರದ ಆಧಾರದಿಂದ ಗುರುತಿಸಿ ಹಿನ್ನೆಲೆಯಿಂದ ಬೇರ್ಪಡಿಸುವ ಗಣನ ವಿಧಾನ. ಹೆಚ್ಚಿನ ಬಳಕೆ ಕಣ್ಣಿನ ಅಕ್ಷಿಪಟಲದ (ರೆಟಿನಾ) ಚಿತ್ರಗಳಲ್ಲಿ. ಈ ಗಣಿತ ಹುಟ್ಟಿದ್ದು ಮಾತ್ರ ಆಸ್ಪತ್ರೆಯಿಂದ ಬಲುದೂರ: 1964ರಲ್ಲಿ ಫ್ರಾನ್ಸಿನ ಜಾರ್ಜ್ ಮಾಥೆರೋನ್ ಮತ್ತು ಜಾನ್ ಸೆರಾ ಲೊರೇನ್ ಪ್ರಾಂತದ ಕಬ್ಬಿಣದ ಅದಿರಿನ ಒಳರಚನೆಯನ್ನು ಅಳೆಯಹೊರಟಾಗ.

ವಿಧಾನದ ತಿರುಳು ‘ಓಪನಿಂಗ್’ ಎಂಬ ಕ್ರಿಯೆ. ಒಂದು ಪುಟ್ಟ ಆಕಾರವನ್ನು ಚಿತ್ರದ ಮೇಲೆಲ್ಲ ಸರಿಸುತ್ತಾ, ಅದು ಪೂರ್ತಿ ಕೂರುವಷ್ಟು ಜಾಗವಿರುವ ಹೊಳಪಿನ ಭಾಗಗಳನ್ನು ಮಾತ್ರ ಉಳಿಸಿಕೊಳ್ಳುವುದು. ರಕ್ತನಾಳ ಎಷ್ಟೇ ಅಂಕುಡೊಂಕಾಗಿದ್ದರೂ ಅದರ ಚಿಕ್ಕ ತುಣುಕೊಂದು ಹೆಚ್ಚುಕಡಿಮೆ ನೇರ. ಆದ್ದರಿಂದ ಇಲ್ಲಿ ಆರಿಸುವ ಆಕಾರ ರೇಖಾಖಂಡ. 2001ರಲ್ಲಿ ಜಾನಾ ಮತ್ತು ಕ್ಲೈನ್ ಪ್ರಕಟಿಸಿದ, ಇಂದಿಗೂ ಮಾದರಿಯೆನಿಸಿರುವ ಕ್ರಮದಲ್ಲಿ 15 ಪಿಕ್ಸೆಲ್ ಉದ್ದದ ರೇಖೆಯನ್ನು 15 ಡಿಗ್ರಿಗೊಮ್ಮೆ ತಿರುಗಿಸಿ 12 ದಿಕ್ಕುಗಳಲ್ಲಿ ಓಪನಿಂಗ್ ಮಾಡಲಾಗುತ್ತದೆ. ನಾಳದ ಮೇಲಿನ ಬಿಂದು ಯಾವುದಾದರೂ ಒಂದು ದಿಕ್ಕಿನಲ್ಲಿ ಉಳಿದುಕೊಳ್ಳುತ್ತದೆ. ಚಿಕ್ಕ ದುಂಡು ಚುಕ್ಕೆ ಯಾವ ದಿಕ್ಕಿನಲ್ಲೂ ಉಳಿಯದು. ಹೀಗೆ ಚೊಕ್ಕಟವಾದ ಚಿತ್ರದಿಂದ ಪ್ರತಿ ದಿಕ್ಕಿನ ಓಪನಿಂಗ್ ಅನ್ನು ಕಳೆದು ಬಂದ ಶೇಷಗಳನ್ನೆಲ್ಲ ಕೂಡಿಸಿದರೆ, ಮಿಕ್ಕ ದಿಕ್ಕುಗಳಲ್ಲಿ ಅಳಿದಿದ್ದ ನಾಳಗಳು ಎದ್ದು ಕಾಣುತ್ತವೆ. ಈ ಶೇಷಕ್ಕೆ ‘ಟಾಪ್-ಹ್ಯಾಟ್’ ಎಂದು ಹೆಸರು. ಕೊನೆಗೆ ವಕ್ರತೆಯ ಪರೀಕ್ಷೆ ಮಿಕ್ಕ ಗದ್ದಲವನ್ನು ಸೋಸುತ್ತದೆ.

ಫ್ಲೋರೆಸಿನ್ ಬಣ್ಣ ಚುಚ್ಚಿ ತೆಗೆದ ಚಿತ್ರದಲ್ಲಿ ನಾಳಗಳು ಬೆಳ್ಳಗೆ ಮೂಡುವುದರಿಂದ ಕೆಲಸ ನೇರ. ಸಾಮಾನ್ಯ ಬಣ್ಣದ ಚಿತ್ರವಾದರೆ ಹಸಿರು ಪದರವನ್ನು ಬಳಸುತ್ತಾರೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ ನಾಳಗಳು ಅಲ್ಲಿ ಅತ್ಯಂತ ಸ್ಪಷ್ಟ, ಆದರೆ ಕಪ್ಪು. ಹಾಗಾಗಿ ಮೊದಲು ಚಿತ್ರದ ಕಪ್ಪು-ಬಿಳುಪನ್ನು ತಿರುವುಮುರುವು ಮಾಡಬೇಕು. ಮಧುಮೇಹಿಗಳ ಕಣ್ಣಿನಲ್ಲಿ ವೈದ್ಯರು ಹುಡುಕುವ ಸೂಕ್ಷ್ಮ ರಕ್ತನಾಳ ಉಬ್ಬುಗಳು ದುಂಡಗಿರುವುದರಿಂದ, ನಾಳ ಹುಡುಕುವವರು ಕಸವೆಂದು ತೆಗೆದುಹಾಕುವ ಚುಕ್ಕೆಗಳಲ್ಲೇ ಅವೂ ಸೇರಿರುತ್ತವೆ. ಅವನ್ನು ಪತ್ತೆಹಚ್ಚಲು ಇದೇ ಲೆಕ್ಕವನ್ನು ತಿರುಗಿಸಿ ಬಳಸಿದ್ದಾರೆ.

ರೇಖೆಯ ಉದ್ದದ ಆಯ್ಕೆಯೇ ಇಲ್ಲಿನ ನಿಜವಾದ ನಿರ್ಧಾರ. ಗಿಡ್ಡವಾದರೆ ಗದ್ದಲವೂ ನಾಳವಾಗುತ್ತದೆ, ಉದ್ದವಾದರೆ ತಿರುವುಗಳು ಕಡಿದುಹೋಗುತ್ತವೆ. ನೆದರ್‌ಲೆಂಡ್ಸಿನ ‘ಡ್ರೈವ್’ ಸಂಗ್ರಹದ 40 ಚಿತ್ರಗಳು 565×584 ಪಿಕ್ಸೆಲ್‌ನವು. ಅವಕ್ಕೆ ಹೊಂದಿಸಿದ ಉದ್ದ ಹೆಚ್ಚು ಪಿಕ್ಸೆಲ್‌ಗಳ ಕ್ಯಾಮೆರಾಕ್ಕೆ ಹೊಂದದು. ದಪ್ಪ ಅಪಧಮನಿಯ ನಡುವಿನ ಬೆಳಕಿನ ಪ್ರತಿಫಲನ ಒಂದೇ ನಾಳವನ್ನು ಎರಡಾಗಿ ತೋರಿಸುವುದೂ ಉಂಟು.

2015ರ ಯು-ನೆಟ್ ಮತ್ತು ಅದರ ಸಂತತಿಯ ನರಜಾಲಗಳು ನಿಖರತೆಯಲ್ಲಿ ಈ ವಿಧಾನವನ್ನು ಹಿಂದಿಕ್ಕಿವೆ. ಆದರೆ ಅವಕ್ಕೆ ಪರಿಣತರು ಕೈಯಾರೆ ಗುರುತು ಹಾಕಿದ ಚಿತ್ರಗಳು ಬೇಕು, ರೇಖಾಖಂಡಕ್ಕೆ ಬೇಡ. ನರಜಾಲ ಕೊಟ್ಟ ನಕ್ಷೆಯಲ್ಲಿ ಬಿಡಿ ಚೂರುಗಳನ್ನು ತೆಗೆಯುವ, ನಾಳವನ್ನು ಒಂದೆಳೆಗೆ ಸವೆಸಿ ಕವಲುಗಳನ್ನು ಎಣಿಸುವ ಕೆಲಸ ಈಗಲೂ ರೂಪವಿಜ್ಞಾನದ್ದೇ.