ಕೈ ಕಳೆದುಕೊಂಡ ಹೋರಾಟಗಾರ ಕೊನೆಗೆ ಕೈಕೊಟ್ಟನೇ?

1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಆಗ ಅದು ಬ್ರಿಟಿಷರ ವಸಾಹತು. ಸುದ್ದಿ ಹಬ್ಬಿದ್ದೇ ತಡ, ದೇಶದೇಶಗಳ ಜನ ಹಡಗು ಹತ್ತಿದರು. 1852ರಲ್ಲಿ ಹಾಗೆ ಬಂದವರಲ್ಲಿ ಐರ್ಲೆಂಡಿನ ಪೀಟರ್ ಲಾಲರ್ ಒಬ್ಬ. ವಯಸ್ಸು 25. ಆತನ ಅಪ್ಪ ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದವರು. ಆತ ಮೊದಲು ರೈಲು ದಾರಿ ಕೆಲಸ ಮಾಡಿದ, ಆಮೇಲೆ ಬಲ್ಲಾರಟ್ ಎಂಬ ಊರಿನಲ್ಲಿ ಚಿನ್ನ ಅಗೆಯತೊಡಗಿದ.

ಅಗೆಯಲು ಸರ್ಕಾರಕ್ಕೆ ದುಡ್ಡು ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತು. ಶುರುವಿನಲ್ಲಿ ತಿಂಗಳಿಗೆ 30 ಶಿಲ್ಲಿಂಗ್. ಚಿನ್ನ ಸಿಕ್ಕರೂ ಕಟ್ಟಬೇಕು, ಸಿಗದಿದ್ದರೂ ಕಟ್ಟಬೇಕು. ಪೈರು ಒಣಗಿದ ವರ್ಷವೂ ಕಂದಾಯ ಬಿಡದ ಹಾಗೆ. ಪೊಲೀಸರು ಗುಂಡಿಗಳ ಹತ್ತಿರವೇ ಬಂದು ಲೈಸೆನ್ಸ್ ಕೇಳುತ್ತಿದ್ದರು, ಇಲ್ಲದವರನ್ನು ಎಳೆದೊಯ್ಯುತ್ತಿದ್ದರು. ಇಷ್ಟೆಲ್ಲ ಕಟ್ಟಿದರೂ ಅವರಿಗೆ ಮತದಾನದ ಹಕ್ಕಿರಲಿಲ್ಲ.

1854ರ ನವೆಂಬರ್ ಕೊನೆಗೆ ಜನ ಲೈಸೆನ್ಸ್‌ಗಳನ್ನು ಸುಟ್ಟುಹಾಕಿದರು. ಮರುದಿನ ಲಾಲರ್ ಮುಂದೆ ನಿಂತು, ನಮ್ಮ ಹಕ್ಕಿಗಾಗಿ ಜೊತೆಯಾಗಿ ಹೋರಾಡುತ್ತೇವೆ ಎಂದು ಎಲ್ಲರಿಂದ ಪ್ರಮಾಣ ಮಾಡಿಸಿದ. ಯೂರೇಕಾ ಎಂಬ ಜಾಗದಲ್ಲಿ ಮರದ ದಿಮ್ಮಿಗಳ ಬೇಲಿ ಎದ್ದಿತು. ಡಿಸೆಂಬರ್ 3, ಭಾನುವಾರ ಬೆಳಕು ಹರಿಯುವ ಮೊದಲೇ ಸೈನಿಕರು ಮತ್ತು ಪೊಲೀಸರು ದಾಳಿ ಮಾಡಿದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ಅಗೆಯುವವರಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಗುಂಡೇಟು ತಿಂದ ಲಾಲರ್‌ನ ಎಡಗೈ ಕತ್ತರಿಸಬೇಕಾಯಿತು. ಸರ್ಕಾರ ಆತನ ತಲೆಗೆ ಬಹುಮಾನ ಕಟ್ಟಿತು. ಜನ ಆತನನ್ನು ಬಚ್ಚಿಟ್ಟು ಕಾಪಾಡಿದರು.

ಮರುವರ್ಷ ಗಾಳಿ ತಿರುಗಿತು. ರಾಜದ್ರೋಹದ ಆರೋಪ ಹೊತ್ತು ವಿಚಾರಣೆ ಎದುರಿಸಿದ 13 ಜನರೂ ಬಿಡುಗಡೆಯಾದರು. ಲೈಸೆನ್ಸ್ ಹೋಗಿ, ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂತು. ಅದಿದ್ದವರಿಗೆ ಮತದಾನದ ಹಕ್ಕೂ ಸಿಕ್ಕಿತು. 1855ರ ನವೆಂಬರ್‌ನಲ್ಲಿ ಲಾಲರ್ ಅವಿರೋಧವಾಗಿ ಆಯ್ಕೆಯಾದ. ಬಂಡಾಯಗಾರ ಶಾಸಕನಾದ.

ಮುಂದೆ ಆತ ಮಾಡಿದ್ದು ಜನರಿಗೆ ನುಂಗಲಾರದ ತುತ್ತಾಯಿತು. ಆಸ್ತಿ ಇದ್ದವರಿಗೆ ಒಂದಕ್ಕಿಂತ ಹೆಚ್ಚು ಮತ ಕೊಡುವ ವ್ಯವಸ್ಥೆಯನ್ನು ಆತ ಬೆಂಬಲಿಸಿದ. ಬಲ್ಲಾರಟ್‌ನವರು ಸಿಟ್ಟಾಗಿ ವಿವರಣೆ ಕೇಳಿದರು. ದಬ್ಬಾಳಿಕೆಯನ್ನು ವಿರೋಧಿಸುವುದೇ ಪ್ರಜಾಪ್ರಭುತ್ವವಾದರೆ ನಾನು ಅದರ ಪರ ಎಂಬರ್ಥದ ಉತ್ತರ ಬಂತು. ಮುಂದಿನ ಚುನಾವಣೆಗೆ ಆತ ಬೇರೆ ಕ್ಷೇತ್ರಕ್ಕೆ ಹೋದ.

1873ರಲ್ಲಿ ಕ್ಲೂನ್ಸ್ ಎಂಬ ಊರಿನ ಗಣಿ ಕಾರ್ಮಿಕರು ಶನಿವಾರ-ಭಾನುವಾರದ ಪಾಳಿ ಬೇಡವೆಂದು ಕೆಲಸ ನಿಲ್ಲಿಸಿದರು. ಲಾಲರ್ ನಿರ್ದೇಶಕನಾಗಿದ್ದ ಕಂಪನಿ, ಪೊಲೀಸ್ ಕಾವಲಿನಲ್ಲಿ ಚೀನೀ ಕೂಲಿಗಳನ್ನು ಕರೆತರಲು ಹೊರಟಿತು. ಊರಿನವರು ದಾರಿಗೆ ಅಡ್ಡ ಕಟ್ಟಿ, ಕಲ್ಲು ತೂರಿ ಅವರನ್ನು ಓಡಿಸಿದರು. ಏಟು ಬಿದ್ದದ್ದು ಹೊಟ್ಟೆಪಾಡಿಗೆ ಬಂದ ಚೀನೀಯರಿಗೆ, ಕಂಪನಿಯ ಯಜಮಾನರಿಗಲ್ಲ.

ಲಾಲರ್ ಮಂತ್ರಿಯಾದ. 1880ರಿಂದ 1887ರವರೆಗೆ ಸ್ಪೀಕರ್ ಆಗಿದ್ದ. 1889ರಲ್ಲಿ ತೀರಿಕೊಂಡ. ಒಬ್ಬರಿಗೆ ಒಂದೇ ಮತ ಎಂಬ ನಿಯಮ ವಿಕ್ಟೋರಿಯಾದಲ್ಲಿ ಜಾರಿಯಾದದ್ದು ಆತ ಸತ್ತು ಹತ್ತು ವರ್ಷಕ್ಕೆ, 1899ರಲ್ಲಿ.

ಹಾಗಾದರೆ ಆತ ಜನರಿಗೆ ಕೈಕೊಟ್ಟನೇ? ನನಗೆ ಹಾಗೆ ಪೂರ್ತಿ ಅನ್ನಿಸುವುದಿಲ್ಲ. ಪೊಲೀಸರ ದರ್ಪದ ವಿರುದ್ಧ ಆತ ನಿಂತದ್ದು ನಿಜ, ಕೈ ಕಳೆದುಕೊಂಡದ್ದೂ ನಿಜ. ಆದರೆ ಬಡವನ ಮತವೂ ಧಣಿಯ ಮತವೂ ಸಮ ಎಂದು ಆತ ಮಾತು ಕೊಟ್ಟಿರಲಿಲ್ಲ. ನಮ್ಮ ಜೊತೆ ಧರಣಿಗೆ ಕೂತವರು, ಲಾಠಿ ಏಟು ತಿಂದವರು ನಾಳೆ ಮತ ಕೇಳಲು ಬಂದಾಗ ನಾವು ಸುಮ್ಮನಿರುತ್ತೇವೆ. ಅವರು ಯಾರ ವಿರುದ್ಧ ಇದ್ದಾರೆಂಬುದು ನಮಗೆ ಗೊತ್ತು. ಗೆದ್ದ ಮೇಲೆ ಯಾರ ಪರ ಇರುತ್ತಾರೆ ಎಂದೂ ಕೇಳಬೇಕು.

ಬಲ್ಲಾರಟ್‌ನಲ್ಲಿ ಲಾಲರ್‌ನ ಪ್ರತಿಮೆ ಇಂದಿಗೂ ಇದೆ. ಅದರಲ್ಲಿ ಆತ ತೊಟ್ಟಿರುವುದು ಸ್ಪೀಕರ್ ನಿಲುವಂಗಿ.