ಗುಪ್ತಪದದ ಚರಿತ್ರೆ: ಒಂದು ವಿಚಾರ

೧

ಪಾಸ್‌ವರ್ಡ್ ಎಂದು ನಾವೆಲ್ಲರೂ ಕರೆಯುವ ಗುಪ್ತಪದವು ಇಂದು ಸಂಸಾರದ ನಿತ್ಯೋಪಯೋಗಿ ವಸ್ತುಗಳಲ್ಲಿ ಒಂದಾಗಿದೆ. ಬ್ಯಾಂಕಿನ ಲೆಕ್ಕ, ನಿವೃತ್ತಿ ವೇತನ, ರೈಲಿನ ಟಿಕೀಟು, ಮಕ್ಕಳ ಶಾಲೆಯ ಶುಲ್ಕ, ಹೀಗೆ ಹೋದಲ್ಲೆಲ್ಲ ಅದು ಬಾಗಿಲು ಕಾಯುತ್ತಿರುತ್ತದೆ. ಆದರೆ ಈ ವಸ್ತುವಿಗೂ ಒಂದು ಚರಿತ್ರೆಯಿದೆ ಎಂಬುದನ್ನೂ, ಆ ಚರಿತ್ರೆಯನ್ನು ಅರಿಯದ ಕಾರಣ ನಾವು ಒಂದು ತಪ್ಪು ತೀರ್ಮಾನವನ್ನು ಒಪ್ಪಿಕೊಂಡು ಕುಳಿತಿದ್ದೇವೆ ಎಂಬುದನ್ನೂ ಗಮನಿಸಿದವರು ವಿರಳ.

ಕೆಲವು ತಿಂಗಳ ಹಿಂದೆ ಹಿರಿಯರೊಬ್ಬರು ಬ್ಯಾಂಕಿನಲ್ಲಿ ನನ್ನ ಮೇಜಿನ ಮುಂದೆ ಬಂದು ಕುಳಿತರು. ಧಾರವಾಡದ ಕಡೆ ಮಾಸ್ತರಿಕೆ ಮಾಡಿ, ನಿವೃತ್ತರಾದ ಮೇಲೆ ಮುಂಬಯಿಯಲ್ಲಿ ಮಗಳ ಮನೆಯಲ್ಲಿ ನೆಲಸಿದವರು. ಮೂರು ಸಲ ಗುಪ್ತಪದವನ್ನು ತಪ್ಪಾಗಿ ಒತ್ತಿದುದರಿಂದ ಅವರ ಲೆಕ್ಕಕ್ಕೆ ಬೀಗ ಬಿದ್ದಿದ್ದಿತು. “ಸಾಹೇಬ್ರ, ನನ್ನ ನೆನಪೇ ಹೋತೇನ್ರಿ? ಪಂಪನ ಪದ್ಯ ಇನ್ನೂ ಬಾಯಾಗ ಅದಾವು, ಈ ಎಂಟು ಅಕ್ಷರ ಮಾತ್ರ ತಲ್ಯಾಗ ನಿಂದ್ರವಲ್ವು” ಎಂದರು. “ಮಾಸ್ತರ, ನಿಮ್ಮ ನೆನಪಿಗೇನೂ ಆಗಿಲ್ಲ” ಎಂದು ನಾನು ಹೇಳಿದೆನಾದರೂ ಅವರು ನಂಬಿದಂತೆ ತೋರಲಿಲ್ಲ. ತಪ್ಪು ತಮ್ಮದೇ ಎಂಬ ನಾಚಿಕೆ ಅವರ ಮುಖದಲ್ಲಿ ಎದ್ದು ಕಾಣುತ್ತಿದ್ದಿತು.

ತಪ್ಪು ನಿಜವಾಗಿ ಯಾರದು? ಗುಪ್ತಪದವನ್ನು ನೆನಪಿಡಬೇಕಾದವನದೋ, ಅದನ್ನು ಕೇಳಿ ಪಡೆದು ಕಾಪಾಡಬೇಕಾದ ಸಂಸ್ಥೆಯದೋ? ಈ ಪ್ರಶ್ನೆಯನ್ನು ಚರಿತ್ರೆಯ ಬೆಳಕಿನಲ್ಲಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಗುರುತಿನ ಮಾತು ಮಾನವಕುಲಕ್ಕೆ ಹೊಸದಲ್ಲ. ಕ್ರಿ. ಪೂ. ಎರಡನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸನು ರೋಮನ್ ಸೈನ್ಯದ ಪಾಳೆಯವನ್ನು ವರ್ಣಿಸುವಾಗ, ರಾತ್ರಿಯ ಸಂಕೇತಪದವನ್ನು ಹಂಚುತ್ತಿದ್ದ ಕ್ರಮವನ್ನು ವಿವರವಾಗಿ ಹೇಳಿದ್ದಾನೆ. ಪದವನ್ನು ಬರೆದ ಮರದ ಹಲಗೆಯು ದಳದಿಂದ ದಳಕ್ಕೆ ಸಾಗಿ, ಕತ್ತಲಾಗುವ ಮುನ್ನ ಅಧಿಕಾರಿಯ ಕೈಗೆ ಮರಳಬೇಕು. ಒಂದು ಹಲಗೆ ಮರಳದಿದ್ದರೂ ಅದು ಎಲ್ಲಿ ನಿಂತಿತೆಂದು ಕೂಡಲೆ ವಿಚಾರಣೆ ನಡೆಯುತ್ತಿದ್ದಿತು. ಸಂಕೇತಪದದ ಕಾವಲು ಸಿಪಾಯಿಯ ನೆನಪಿನ ಮೇಲೆ ಮಾತ್ರ ನಿಂತಿರಲಿಲ್ಲ. ಪಾಳೆಯದ ವ್ಯವಸ್ಥೆಯೇ ಅದಕ್ಕೆ ಹೊಣೆಯಾಗಿದ್ದಿತು.

ನಮ್ಮ ವಾಲ್ಮೀಕಿ ರಾಮಾಯಣದ ಸುಂದರಕಾಂಡದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಪ್ರಸಂಗವಿದೆ. ಹನುಮಂತನು ತಂದ ಉಂಗುರವನ್ನು ಕಂಡು ಸೀತೆಗೆ ನಂಬಿಕೆ ಬರುತ್ತದೆ. ಅವನು ಹಿಂದಿರುಗುವಾಗ ಅವಳು ಚೂಡಾಮಣಿಯನ್ನು ಕೊಡುವುದರ ಜೊತೆಗೆ, ತನಗೂ ರಾಮನಿಗೂ ಮಾತ್ರ ತಿಳಿದಿದ್ದ ಕಾಗೆಯ ವೃತ್ತಾಂತವನ್ನೂ ಹೇಳಿ ಕಳುಹಿಸುತ್ತಾಳೆ. ಒಡವೆಯನ್ನು ಕದಿಯಬಹುದು, ಕಥೆಯನ್ನು ಕದ್ದು ಕೇಳಬಹುದು. ಎರಡೂ ಒಟ್ಟಿಗೆ ಒಬ್ಬ ಕಳ್ಳನಲ್ಲಿರುವುದು ಕಷ್ಟ. ಕೈಯಲ್ಲಿರುವ ವಸ್ತು ಒಂದು, ಮನಸ್ಸಿನಲ್ಲಿರುವ ಗುಟ್ಟು ಒಂದು ಎಂಬ ಈ ಇಬ್ಬಗೆಯ ಪ್ರಮಾಣವನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅದು ಮತ್ತೆ ಬರಲಿದೆ.

೩

ಗಣಕಯಂತ್ರದ ಗುಪ್ತಪದವು ಹುಟ್ಟಿದುದು ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ. ಅಲ್ಲಿಯವರೆಗೆ ಯಂತ್ರವು ಒಂದು ಸಲಕ್ಕೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿದ್ದುದರಿಂದ ಒಬ್ಬರನ್ನೊಬ್ಬರಿಂದ ಬೇರ್ಪಡಿಸುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಫರ್ನಾಂಡೊ ಕಾರ್ಬಟೊ ಎಂಬ ವಿದ್ವಾಂಸರ ನೇತೃತ್ವದಲ್ಲಿ, ಅನೇಕರು ಏಕಕಾಲದಲ್ಲಿ ಒಂದೇ ಯಂತ್ರವನ್ನು ಹಂಚಿಕೊಳ್ಳುವ ವ್ಯವಸ್ಥೆಯು 1961ರ ನವೆಂಬರಿನಲ್ಲಿ ಮೊದಲ ಸಲ ಪ್ರದರ್ಶಿತವಾಯಿತು. ಹಂಚಿಕೊಂಡ ಮೇಲೆ ಪಾಲಿನ ಲೆಕ್ಕ ಬೇಕು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರಬೇಕು. ಆದಕಾರಣ ಒಬ್ಬೊಬ್ಬರಿಗೂ ಒಂದು ಗುಪ್ತಪದ ಏರ್ಪಟ್ಟಿತು.

ಅದು ಭಗ್ನವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನ ವಿದ್ಯಾರ್ಥಿಗೆ ತನ್ನ ಪಾಲಿಗೆ ಬಂದ ಯಂತ್ರಕಾಲ ಸಾಲದಾಯಿತು. ಎಲ್ಲರ ಗುಪ್ತಪದಗಳಿದ್ದ ಕಡತವನ್ನು ಮುದ್ರಿಸಿ ಕೊಡಬೇಕೆಂದು ಆತನು ಯಂತ್ರಕ್ಕೇ ಒಂದು ಕೋರಿಕೆಯನ್ನು ಸಲ್ಲಿಸಿದನು. ಯಂತ್ರ ಮುದ್ರಿಸಿ ಕೊಟ್ಟಿತು. ಇದನ್ನು ಆತನೇ ಅನೇಕ ವರ್ಷಗಳ ಮೇಲೆ ಒಪ್ಪಿಕೊಂಡನು. ಅದೇ ದಶಕದ ನಡುವೆ ಇನ್ನೊಂದು ಪ್ರಮಾದ ನಡೆಯಿತು. ಯಂತ್ರವನ್ನು ಪ್ರವೇಶಿಸುವವರಿಗೆಲ್ಲ ಕಾಣುವ ದಿನದ ಸೂಚನೆಯ ಕಡತವೂ ಗುಪ್ತಪದಗಳ ಕಡತವೂ ತಿದ್ದುವ ವೇಳೆಯಲ್ಲಿ ಅದಲುಬದಲಾಗಿ, ಎಲ್ಲರ ಗುಟ್ಟೂ ಎಲ್ಲರ ಕಣ್ಣೆದುರಿಗೆ ಬಿದ್ದಿತು. ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 1990ರಲ್ಲಿ ಪಡೆದ ಕಾರ್ಬಟೊ ತಮ್ಮ ಪ್ರಶಸ್ತಿ ಭಾಷಣದಲ್ಲಿ ಈ ಘಟನೆಯನ್ನು ಸಂಕೋಚವಿಲ್ಲದೆ ವಿವರಿಸಿದರು.

ಈ ಎರಡು ಪ್ರಸಂಗಗಳಲ್ಲಿ ಒಂದು ಸಾಮ್ಯವಿದೆ. ಯಾರೊಬ್ಬರೂ ದುರ್ಬಲವಾದ ಪದವನ್ನು ಆರಿಸಿಕೊಂಡುದರಿಂದಾಗಲಿ, ಮರೆತುದರಿಂದಾಗಲಿ, ಚೀಟಿಯಲ್ಲಿ ಬರೆದಿಟ್ಟುದರಿಂದಾಗಲಿ ಕೇಡು ಒದಗಲಿಲ್ಲ. ಕಳುವಾದುದು ಕಣಜದಿಂದ, ಕಣಜದ ಬಾಗಿಲನ್ನು ತೆರೆದಿಟ್ಟವರು ಅದರ ಒಡೆಯರು.

೪

ಕಣಜಕ್ಕೆ ಬಾಗಿಲು ಮಾಡುವ ಉಪಾಯವು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದಿತು. ಮಾರಿಸ್ ವಿಲ್ಕ್ಸ್ 1968ರ ತಮ್ಮ ಗ್ರಂಥದಲ್ಲಿ ಅದರ ಕೀರ್ತಿಯನ್ನು ರೋಜರ್ ನೀಧಮ್ ಎಂಬುವರಿಗೆ ಸಲ್ಲಿಸಿದ್ದಾರೆ. ಉಪಾಯ ಸರಳವಾದುದು. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು; ಹಿಟ್ಟಿನಿಂದ ಅಕ್ಕಿಯನ್ನು ಮರಳಿ ಪಡೆಯಲಾಗದು. ಅದರಂತೆಯೇ ಗುಪ್ತಪದವನ್ನು ಹಿಂದಿರುಗಿಸಲಾಗದ ಒಂದು ಗಣಿತಕ್ರಿಯೆಯಲ್ಲಿ ಬೀಸಿ, ಬಂದ ಹಿಟ್ಟನ್ನು ಮಾತ್ರ ಸಂಸ್ಥೆಯು ಇಟ್ಟುಕೊಳ್ಳುತ್ತದೆ. ಬಳಕೆದಾರನು ಮತ್ತೆ ಬಂದಾಗ ಅವನು ಕೊಟ್ಟ ಪದವನ್ನು ಅದೇ ಬೀಸುವ ಕಲ್ಲಿಗೆ ಹಾಕಿ, ಎರಡು ಹಿಟ್ಟುಗಳನ್ನು ತಾಳೆ ನೋಡಿದರಾಯಿತು. ಬ್ಯಾಂಕಿನವರಾದ ನಾವು ಗಿರಾಕಿಯ ಮಾದರಿ ರುಜುವನ್ನೇ ಇಟ್ಟುಕೊಳ್ಳದೆ ವಿಧಿಯಿಲ್ಲ. ಇಲ್ಲಿಯಾದರೋ ಮಾದರಿಯನ್ನು ಇಡದೆಯೇ ರುಜುವನ್ನು ಪರೀಕ್ಷಿಸುವ ಕೌಶಲವಿದೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಪ್ರಕಟಿಸಿದ ಲೇಖನವು ಈ ಚರಿತ್ರೆಯ ಮುಖ್ಯ ದಾಖಲೆ. ಅವರು 3,289 ಗುಪ್ತಪದಗಳನ್ನು ಕಲೆಹಾಕಿ ಪರಿಶೀಲಿಸಿದರು. 15 ಪದಗಳು ಒಂದೇ ಅಕ್ಷರದವು, 72 ಎರಡು ಅಕ್ಷರದವು, 464 ಮೂರು ಅಕ್ಷರದವು. ನಿಘಂಟುಗಳಲ್ಲಿ ಮತ್ತು ಹೆಸರಿನ ಪಟ್ಟಿಗಳಲ್ಲಿ ದೊರೆತ ಪದಗಳು ಮತ್ತೆ 492. ಒಟ್ಟಿನಲ್ಲಿ 2,831 ಪದಗಳು, ಎಂದರೆ ನೂರಕ್ಕೆ 86, ಸುಲಭವಾಗಿ ಸಿಕ್ಕಿಬೀಳುವಂಥವು.

ಇದಕ್ಕೆ ಅವರು ಎರಡು ಬಗೆಯ ಪರಿಹಾರಗಳನ್ನು ಹೇಳಿದರು. ಒಂದನೆಯದು ಯಂತ್ರ ಮಾಡಬೇಕಾದುದು: ಬೀಸುವ ಕ್ರಿಯೆಯನ್ನು ಬೇಕೆಂದೇ ನಿಧಾನಗೊಳಿಸಿ, ಸಾವಿರಾರು ಪದಗಳನ್ನು ಬೀಸಿ ನೋಡುವ ಕಳ್ಳನ ಶ್ರಮವನ್ನು ಹೆಚ್ಚಿಸುವುದು, ಬೀಸುವ ಮುನ್ನ ಪ್ರತಿಯೊಂದು ಪದಕ್ಕೂ ಬೇರೆಬೇರೆ ಚಿಟಿಕೆ ಬೆರೆಸುವುದು. ಆ ಚಿಟಿಕೆಗೆ ಅವರಿಟ್ಟ ಹೆಸರೇ ‘ಉಪ್ಪು’. 4,096 ಬಗೆಯ ಉಪ್ಪುಗಳಿದ್ದುದರಿಂದ ಇಬ್ಬರು ಒಂದೇ ಪದವನ್ನು ಆರಿಸಿದರೂ ಹಿಟ್ಟು ಬೇರೆಯಾಗುತ್ತಿದ್ದಿತು. ಎರಡನೆಯ ಪರಿಹಾರ ಬಳಕೆದಾರನಿಗೆ ಸಂಬಂಧಿಸಿದುದು: ತೀರ ಚಿಕ್ಕದಾದ ಪದವನ್ನು ಕೊಟ್ಟರೆ ಇನ್ನೂ ಉದ್ದವಾದುದನ್ನು ಕೊಡೆಂದು ಕೇಳುವುದು. ಮುಂದಿನ ಚರಿತ್ರೆಯನ್ನು ನೋಡಿದರೆ, ಮೊದಲನೆಯದು ಅನೇಕ ಕಡೆ ಮರೆತುಹೋಗಿ ಎರಡನೆಯದೊಂದೇ ಬೆಳೆಯುತ್ತ ಹೋದುದು ತೋರಿಬರುತ್ತದೆ.

೫

1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಹೊರಡಿಸಿದ ಮಾರ್ಗದರ್ಶಿಯು ಗುಪ್ತಪದಕ್ಕೆ ಹೆಚ್ಚೆಂದರೆ ಒಂದು ವರ್ಷದ ಆಯುಸ್ಸನ್ನು ವಿಧಿಸಿತು. ಊಹಿಸಿ ಕಂಡುಹಿಡಿಯಲು ಎಷ್ಟು ಕಾಲ ಬೇಕೆಂಬ ಲೆಕ್ಕ ಅದರ ಹಿಂದಿದ್ದಿತು. ಕ್ರಮೇಣ ಅನೇಕ ಕಚೇರಿಗಳಲ್ಲಿ ಆ ವರ್ಷವು ತೊಂಬತ್ತು ದಿನಗಳಿಗೆ ಇಳಿಯಿತು. ಲೆಕ್ಕ ಮರೆಯಾಗಿ ಆಚಾರ ಉಳಿಯಿತು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಬಿಲ್ ಬರ್ ಸಿದ್ಧಪಡಿಸಿ 2004ರಲ್ಲಿ ಪ್ರಕಟವಾದ ಮಾರ್ಗದರ್ಶಿಯು ದೊಡ್ಡಕ್ಷರ, ಸಣ್ಣಕ್ಷರ, ಅಂಕೆ, ಚಿಹ್ನೆ ಎಂಬ ನಿಯಮಗಳಿಗೆ ಶಾಸ್ತ್ರದ ಮುದ್ರೆಯನ್ನೊತ್ತಿತು. ಅಲ್ಲಿನ ಸರಕಾರಿ ಕಚೇರಿಗಳಿಗೆಂದು ಬರೆದ ಆ ಮಾತು ಲೋಕದ ಕಚೇರಿಗಳಿಗೆಲ್ಲ ವೇದವಾಕ್ಯವಾಯಿತು.

ಇದರ ಫಲವನ್ನು ನಾನು ಕೆಲಸ ಮಾಡಿದ ಶಾಖೆಗಳಲ್ಲಿಯೇ ಕಂಡಿದ್ದೇನೆ. ತಿಂಗಳ ಹೆಸರು, ವರ್ಷದ ಅಂಕೆ, ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ. ಗಡುವು ಬಂದಾಗ ತಿಂಗಳು ಮಾತ್ರ ಬದಲಾಗುತ್ತಿದ್ದಿತು. ಗೋಡೆಯ ಕ್ಯಾಲೆಂಡರೇ ಅರ್ಧ ಶಾಖೆಯ ಗುಪ್ತಪದಗಳ ಪಟ್ಟಿಯಾಗಿದ್ದಿತೆಂದರೆ ಅತಿಶಯೋಕ್ತಿಯಲ್ಲ. ನನ್ನದೂ ಆ ಪಟ್ಟಿಯಿಂದ ಹೊರತಾಗಿರಲಿಲ್ಲ.

ವಿದ್ವಾಂಸರು ಇದನ್ನು ಎಚ್ಚರಿಸದೆ ಇರಲಿಲ್ಲ. ಲಂಡನ್ನಿನ ಆನ್ ಆಡಮ್ಸ್ ಮತ್ತು ಏಂಜೆಲಾ ಸಾಸ್ ಎಂಬ ವಿದುಷಿಯರು 1999ರಲ್ಲಿಯೇ, ಬಳಕೆದಾರರು ಶತ್ರುಗಳಲ್ಲ ಎಂಬರ್ಥದ ಶಿರೋನಾಮೆಯ ಲೇಖನದಲ್ಲಿ, ಮನುಷ್ಯನ ನೆನಪಿಗೂ ಕೆಲಸದ ರೀತಿಗೂ ಹೊಂದದ ನಿಯಮಗಳೇ ಅಜಾಗರೂಕತೆಯನ್ನು ಹುಟ್ಟಿಸುತ್ತವೆಂದು ತೋರಿಸಿದರು. 2010ರಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು, ಹಳೆಯ ಗುಪ್ತಪದ ತಿಳಿದವನಿಗೆ ಹೊಸದು ಎಷ್ಟು ದೂರವೆಂದು ಪರೀಕ್ಷಿಸಿದರು. ನೂರಕ್ಕೆ 17 ಲೆಕ್ಕಗಳಲ್ಲಿ ಐದು ಊಹೆಗಳೊಳಗೆ ಅದು ದೊರೆಯಿತು. ಕಡ್ಡಾಯದ ಬದಲಾವಣೆಯು ಕಳ್ಳನನ್ನು ಹೊರಗಿಡುತ್ತದೆ ಎಂಬ ನಂಬಿಕೆಗೆ ಇದರಿಂದ ಬಲವಾದ ಪೆಟ್ಟು ಬಿದ್ದಿತು.

ಇತ್ತ ಕಣಜಗಳ ಸ್ಥಿತಿ ಹೇಗಿದ್ದಿತು? 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಅಮೆರಿಕದ ಸಂಸ್ಥೆಯಿಂದ 3 ಕೋಟಿ 20 ಲಕ್ಷ ಗುಪ್ತಪದಗಳು ಕಳುವಾದುವು. ಅವು ಇದ್ದುದು ಇಡಿಯ ಅಕ್ಕಿಯಾಗಿ. ಬೀಸಿದ ಹಿಟ್ಟಾಗಿ ಅಲ್ಲ. ನೀಧಮರ ಉಪಾಯಕ್ಕೆ ನಾಲ್ವತ್ತು ವರ್ಷ, ಮಾರಿಸ್ ಮತ್ತು ಥಾಂಪ್ಸನ್ನರ ಉಪ್ಪಿಗೆ ಮೂವತ್ತು ವರ್ಷ ತುಂಬಿದ ಮೇಲಿನ ಮಾತಿದು. ಆ ರಾಶಿಯಲ್ಲಿ ಸುಮಾರು 2 ಲಕ್ಷ 90 ಸಾವಿರ ಮಂದಿಯ ಗುಪ್ತಪದ 123456 ಆಗಿದ್ದಿತು. ಜನರು ಇಂದಿಗೂ ನೆನೆದು ನಗುವುದು ಈ 123456 ಅನ್ನು. ಆದರೆ ಅತ್ಯಂತ ಕಠಿಣವಾದ ಪದವನ್ನು ಆರಿಸಿಕೊಂಡಿದ್ದವನ ಗುಟ್ಟೂ ಅದೇ ದಿನ ಅದೇ ಕಳ್ಳನ ಕೈಸೇರಿತೆಂಬುದನ್ನು ಯಾರೂ ನೆನೆಯುವುದಿಲ್ಲ.

2017ರಲ್ಲಿ ಅದೇ ಮಾನಕ ಸಂಸ್ಥೆಯು ತನ್ನ ಹಿಂದಿನ ಮಾತನ್ನು ಹಿಂತೆಗೆದುಕೊಂಡಿತು. ಕಾರಣವಿಲ್ಲದೆ ಗಡುವು ಹಾಕಿ ಬದಲಾಯಿಸಲು ಹೇಳಬಾರದು, ಚಿಹ್ನೆ ಅಂಕೆಗಳ ಬಲವಂತ ಬೇಡ, ಉದ್ದವಾದ ಪದಗುಚ್ಛಗಳಿಗೆ ಎಡೆಯಿರಲಿ ಎಂದಿತು. ನಿವೃತ್ತರಾಗಿದ್ದ ಬರ್ ಅವರೂ ತಾವು ಬರೆದುದರಲ್ಲಿ ಬಹುಭಾಗಕ್ಕೆ ಅದೇ ವರ್ಷ ಪಶ್ಚಾತ್ತಾಪ ಪಟ್ಟರು. 2019ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯೂ ತನ್ನ ಶಿಫಾರಸುಗಳಿಂದ ಗಡುವಿನ ನಿಯಮವನ್ನು ತೆಗೆದುಹಾಕಿತು. ಶಾಸ್ತ್ರಕಾರರು ಬಿಟ್ಟರೂ ಆಚಾರವಂತರು ಬಿಡಲಿಲ್ಲವೆಂಬುದು ಬೇರೆ ಮಾತು.

೬

ಭಾರತದ ಬ್ಯಾಂಕುಗಳ ವಿಷಯಕ್ಕೆ ಬಂದರೆ, ನಮ್ಮ ವೃತ್ತಿಯು ಹೊಣೆಯನ್ನು ಒಬ್ಬರ ನೆನಪಿನ ಮೇಲೆ ಎಂದೂ ಹೊರಿಸಿದುದಲ್ಲ. ತಿಜೋರಿಯ ಬೀಗಕ್ಕೆ ಎರಡು ಕೀಲಿಕೈ, ಅವು ಇಬ್ಬರ ವಶದಲ್ಲಿ. ಗಿರಾಕಿಯ ಲಾಕರಿಗೆ ಅವನ ಕೀಲಿಕೈಯೊಂದು, ಬ್ಯಾಂಕಿನದೊಂದು. ಈ ವಿವೇಕವನ್ನೇ ರಿಸರ್ವ್ ಬ್ಯಾಂಕು ಗಣಕಯುಗಕ್ಕೆ ತಂದಿತೆನ್ನಬಹುದು. ಅಂತರ್ಜಾಲದಲ್ಲಿ ಕಾರ್ಡಿನಿಂದ ಹಣ ಸಲ್ಲಿಸುವಾಗ ಕಾರ್ಡಿನ ಮೇಲೆ ಮುದ್ರಿತವಾಗಿರದ ಇನ್ನೊಂದು ಪ್ರಮಾಣವೂ ಬೇಕೆಂಬ ಅದರ ಆಜ್ಞೆ 2009ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ದೂರವಾಣಿಗೆ ಬರುವ ಒಂದು ಸಲದ ಸಂಖ್ಯೆ ಮನೆಮಾತಾದುದು ಈ ದಾರಿಯಲ್ಲಿಯೇ. ಚೂಡಾಮಣಿಯೂ ಕಾಗೆಯ ಕಥೆಯೂ ಒಟ್ಟಿಗಿರಬೇಕೆಂಬ ನ್ಯಾಯವೇ ಇಲ್ಲಿಯೂ ಇರುವುದು.

ಇದಕ್ಕಿಂತ ಮಹತ್ತ್ವದ್ದು 2017ರ ಜುಲೈ 6ರ ಸುತ್ತೋಲೆ. ಗಿರಾಕಿಯ ಅನುಮತಿಯಿಲ್ಲದೆ ಹಣ ಹೋದಾಗ, ಬ್ಯಾಂಕಿನ ಲೋಪವಿದ್ದಲ್ಲಿ ಗಿರಾಕಿಗೆ ನಷ್ಟವಿಲ್ಲ. ದೋಷ ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ಬೇರೆಲ್ಲಿಯೋ ಇದ್ದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಆಗಲೂ ಅವನಿಗೆ ನಷ್ಟವಿಲ್ಲ ಎಂದು ಅದು ವಿಧಿಸಿತು. ಗುಟ್ಟನ್ನು ತಾನೇ ಇತರರಿಗೆ ಕೊಟ್ಟಂಥ ಅಜಾಗರೂಕತೆಯಿದ್ದರೆ, ವರದಿ ಮಾಡುವವರೆಗಿನ ನಷ್ಟ ಗಿರಾಕಿಯದು. ಆದರೆ ತಪ್ಪು ಗಿರಾಕಿಯದೆಂದು ಸಾಧಿಸುವ ಭಾರ ಬ್ಯಾಂಕಿನ ಮೇಲೆಯೇ ಎಂದು ಸುತ್ತೋಲೆಯು ಸ್ಪಷ್ಟಪಡಿಸಿತು. ಐದು ದಶಕಗಳ ಕಾಲ ಕೆಳಗೆ ಕೆಳಗೆ ಜಾರಿದ ಹೊರೆಯನ್ನು ಎತ್ತಿ ಮತ್ತೆ ಅದರ ಸ್ಥಾನದಲ್ಲಿಟ್ಟ ವಾಕ್ಯವಿದು.

ಗುಪ್ತಪದವನ್ನೇ ಬಿಟ್ಟುಬಿಡುವ ಪ್ರಯತ್ನಗಳೂ ನಡೆದಿವೆ. ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಜೋಡಿ ಕೀಲಿಯ ತತ್ತ್ವದಿಂದ ಹುಟ್ಟಿದ ‘ಪಾಸ್‌ಕೀ’ ಪದ್ಧತಿಯನ್ನು ವಿಸ್ತರಿಸುವುದಾಗಿ 2022ರಲ್ಲಿ ಆಪಲ್, ಗೂಗಲ್ ಮತ್ತು ಮೈಕ್ರೊಸಾಫ್ಟ್ ಸಂಸ್ಥೆಗಳು ಒಟ್ಟಾಗಿ ಸಾರಿದುವು. ಅದರಲ್ಲಿ ಗುಟ್ಟಿನ ಅರ್ಧ ಬಳಕೆದಾರನ ಬಳಿಯೇ ಉಳಿಯುತ್ತದೆ. ಸಂಸ್ಥೆಯಲ್ಲಿರುವ ಅರ್ಧವನ್ನು ಕದ್ದರೂ ಕಳ್ಳನಿಗೆ ಪ್ರಯೋಜನವಿಲ್ಲ. ಕಣಜದಲ್ಲಿ ಕದಿಯಲು ಅಕ್ಕಿಯೇ ಇಲ್ಲವೆಂದಂತಾಯಿತು. ದೂರವಾಣಿ ಕಳೆದುಹೋದರೆ ಏನೆಂಬ ಚಿಂತೆಯು ಅದರ ಬೆನ್ನಿಗೇ ಬಂದಿರುವುದೂ ನಿಜ.

೭

ಬಳಕೆದಾರನಿಗೆ ಯಾವ ಹೊಣೆಯೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಗುಟ್ಟನ್ನು ದೂರವಾಣಿಯಲ್ಲಿ ಕೇಳಿದವರಿಗೆಲ್ಲ ಹೇಳಬಾರದೆಂಬುದೂ, ಒಂದೇ ಪದವನ್ನು ಹತ್ತು ಕಡೆ ಬಳಸಬಾರದೆಂಬುದೂ ನಿರ್ವಿವಾದ. ಆದರೆ ಚರಿತ್ರೆಯನ್ನು ನೋಡಿದವನು ಹೊಣೆಯ ಕ್ರಮವನ್ನು ಮರೆಯಲಾರನು: ಮೊದಲು ಕಣಜದ ಬಾಗಿಲು, ಆಮೇಲೆ ಬೀಸುವ ಕಲ್ಲು ಮತ್ತು ಉಪ್ಪು, ಆಮೇಲೆ ಎರಡನೆಯ ಕೀಲಿಕೈ, ಕಟ್ಟಕಡೆಗೆ ಮನುಷ್ಯನ ನೆನಪು. ಈ ಕ್ರಮವನ್ನು ತಲೆಕೆಳಗು ಮಾಡಿದ ಕಡೆಯಲ್ಲೆಲ್ಲ ಕಳ್ಳನಿಗೆ ಅನುಕೂಲವೂ ಸಜ್ಜನರಿಗೆ ನಾಚಿಕೆಯೂ ಉಂಟಾಗಿವೆ.

ಮಾಸ್ತರರ ಲೆಕ್ಕದ ಬೀಗವನ್ನು ಅಂದು ತೆಗೆಸಿಕೊಟ್ಟೆ. ಹೊಸ ಗುಪ್ತಪದವನ್ನು ಕೇಳಿದಾಗ ಯಂತ್ರವು ಯಥಾಪ್ರಕಾರ ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆಯನ್ನು ಬೇಡಿತು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು, ಜೇಬಿನಿಂದ ಚೀಟಿಯನ್ನು ತೆಗೆದು, ಬರೆದುಕೊಳ್ಳಬಹುದೇ ಎಂದು ಅಪ್ಪಣೆ ಕೇಳುವವರಂತೆ ನನ್ನ ಮುಖ ನೋಡಿದರು. “ಬರ್ಕೊಳ್ರಿ ಮಾಸ್ತರ, ಚೀಟಿ ಮಾತ್ರ ಮನೆ ಕಪಾಟಿನಾಗ ಇರ್ಲಿ” ಎಂದೆ. ನಿಯಮಪುಸ್ತಕ ಇದಕ್ಕೆ ಒಪ್ಪಲಾರದು. ಆದರೆ ಮನೆಯ ಕಪಾಟಿನಲ್ಲಿರುವ ಚೀಟಿಗಿಂತ, ಗೋಡೆಯ ಕ್ಯಾಲೆಂಡರಿನಿಂದ ಊಹಿಸಬಹುದಾದ ಗುಪ್ತಪದವು ಹೆಚ್ಚು ಅಪಾಯಕರವೆಂದು ಅಂದಿಗೂ ಇಂದಿಗೂ ನನ್ನ ಅಭಿಪ್ರಾಯ.